ಖಂಡಸ್ಫುಟಿತ ಜೀರ್ಣೋದ್ಧಾರ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆಲ್ಲ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತವಾದುದು. ದೇವಾಲಯವನ್ನೋ ಬಸದಿಯನ್ನೋ ಕಟ್ಟಿಸಿದವರು ದೇವರ ಅಂಗಭೋಗ ರಂಗಭೋಗಗಳಿಗೆ, ಋಷಿಯರ ಆಹಾರದಾನಕ್ಕೆ ಭೂಮಿಯನ್ನು ಬಿಡುವಾಗ, ಒಡೆದುದನ್ನು, ಬಿರುಕುಬಿಟ್ಟುದನ್ನು, ಹಳತಾದುದನ್ನು ಸರಿಪಡಿಸುವುದಕ್ಕೂ ಅದರಲ್ಲೇ ಒಂದು ಪಾಲನ್ನು ಸೇರಿಸುತ್ತಿದ್ದರು. ಗೋಡೆಯ ಸುಣ್ಣ ಆರುವ ಮೊದಲೇ ಅದರಲ್ಲಿ ಮುಂದೆ ಮೂಡಬಹುದಾದ ಬಿರುಕನ್ನು ಕುರಿತು ಯೋಚಿಸಿದ ಜನ ಅವರು. ತರಗತಿಯಲ್ಲಿ ಈ ಮಾತನ್ನು ಸವೆದುಹೋದ ಒಂದು ಸೂತ್ರವೆಂದು ಭಾವಿಸಿ ದಾಟಿಹೋಗುವುದೇ ವಾಡಿಕೆ. ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಬಹುಕಾಲದಿಂದ ನೆಲೆಸಿದ್ದ ಹಿರಿಯ ಕನ್ನಡಿಗರೊಬ್ಬರೂ ಐವತ್ತು ವರ್ಷಗಳ ಹಿಂದೆ ಮಾನಸಗಂಗೋತ್ರಿಯಲ್ಲಿ ಅದನ್ನು ಹಾಗೆಯೇ ದಾಟಿ ಬಂದಿದ್ದರು. ಅದರ ಅರ್ಥ ಅವರಿಗೆ ನಿಜವಾಗಿ ಹೊಳೆದದ್ದು ಎಪ್ಪತ್ತೈದನೆಯ ವಯಸ್ಸಿನಲ್ಲಿ, ಒಂದು ಹಳೆಯ ಕ್ಯಾಮೆರಾ ಲೆನ್ಸಿನ ನೆಪದಲ್ಲಿ.

ಓಲ್ಡ್ ರಾಜಿಂದರ್ ನಗರವೇ ಒಂದು ಬಗೆಯಲ್ಲಿ ಜೀರ್ಣೋದ್ಧಾರದ ಊರು. ೧೯೪೭ರ ದೇಶವಿಭಜನೆಯಲ್ಲಿ ಪಶ್ಚಿಮ ಪಂಜಾಬಿನಿಂದ ಮನೆಮಠ ಬಿಟ್ಟು ಬಂದವರಿಗಾಗಿ ಎದ್ದ ಬಡಾವಣೆ ಅದು. ಬಾಬು ರಾಜೇಂದ್ರ ಪ್ರಸಾದರ ಹೆಸರನ್ನು ಹೊತ್ತದ್ದು. ಅಲ್ಲಿರುವ ಸರ್ ಗಂಗಾರಾಮ್ ಆಸ್ಪತ್ರೆ ಮೊದಲು ಲಾಹೋರಿನಲ್ಲಿ ೧೯೨೧ರಲ್ಲಿ ಸ್ಥಾಪನೆಗೊಂಡು, ಅದನ್ನು ಅಲ್ಲಿಯೇ ಬಿಟ್ಟು ಬಂದವರ ಪ್ರಯತ್ನದಿಂದ ೧೯೫೪ರಲ್ಲಿ ದೆಹಲಿಯಲ್ಲಿ ಅದೇ ಹೆಸರಿನಿಂದ ಮತ್ತೆ ಬಾಗಿಲು ತೆರೆಯಿತು. ಹೋದದ್ದನ್ನು ಮರಳಿ ತರಲಾಗದೆ, ಅದರ ಹೆಸರಿನಲ್ಲಿ ಇನ್ನೊಂದನ್ನು ಕಟ್ಟಿಕೊಂಡವರ ಊರು ಅದು. ಒಂದೊಂದೇ ಅಂತಸ್ತಿನ ಆ ಮೊದಲ ಮನೆಗಳೂ ಈಗ ಹೆಚ್ಚು ಉಳಿದಿಲ್ಲ. ಅವುಗಳ ನಿವೇಶನದಲ್ಲಿ ನಾಲ್ಕು ಅಂತಸ್ತಿನ ಕಟ್ಟಡಗಳು ಎದ್ದು, ನಾಗರಿಕ ಸೇವಾ ಪರೀಕ್ಷೆಗೆ ಓದುವ ದೇಶದ ಮೂಲೆಮೂಲೆಯ ಯುವಜನ ಅವುಗಳ ಸಣ್ಣ ಕೋಣೆಗಳಲ್ಲಿ ತುಂಬಿಕೊಂಡಿದ್ದಾರೆ.

ಹಾಸನ ಜಿಲ್ಲೆಯ ಹಳ್ಳಿಯಿಂದ ಹೊರಟು, ಕನ್ನಡ ಎಂ.ಎ. ಮುಗಿಸಿ, ಶಾಸನಶಾಸ್ತ್ರದಲ್ಲಿ ಮುಂದುವರಿಯುವ ಆಸೆಯನ್ನು ಮನೆಯ ಕಷ್ಟಕ್ಕೆ ಒಪ್ಪಿಸಿ ೧೯೭೪ರಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಗುಮಾಸ್ತರಾಗಿ ಸೇರಿದವರು ಆ ಹಿರಿಯರು. ಕರೋಲ್ ಬಾಗ್ ಸುತ್ತಮುತ್ತ ದಕ್ಷಿಣದ ನೌಕರರು ಹೆಚ್ಚಾಗಿ ನೆಲೆಸುತ್ತಿದ್ದ ಕಾಲ ಅದು. ಅವರಿಗೆ ಸಿಕ್ಕಿದ್ದು ರಾಜಿಂದರ್ ನಗರದ ಮನೆಯೊಂದರ ಮಾಳಿಗೆಯ ಮೇಲಿನ ಬರ್ಸಾತಿ, ಅಂದರೆ ಒಂದು ಕೋಣೆ ಮತ್ತು ಅದಕ್ಕೆ ಹತ್ತು ಪಟ್ಟು ದೊಡ್ಡದಾದ ಬಯಲು ಮಾಳಿಗೆ. ಮುಂದೆ ಅದೇ ಬೀದಿಯಲ್ಲಿ ಸ್ವಂತದ್ದೊಂದು ಚಿಕ್ಕ ಮನೆ ಆಯಿತಾದರೂ ಮಾಳಿಗೆಯ ಮೇಲಿನ ವಾಸ ತಪ್ಪಲಿಲ್ಲ.

ಶಾಸನದ ಆಸೆಯೂ ಪೂರ್ತಿ ಬಿಟ್ಟುಹೋಗಲಿಲ್ಲ. ೧೯೭೬ರಲ್ಲಿ ಮೂರು ತಿಂಗಳ ಸಂಬಳದಷ್ಟು ಹಣ ಕೂಡಿಸಿ ಚಾಂದನಿ ಚೌಕದ ಕಡೆಯ ಅಂಗಡಿಯೊಂದರಲ್ಲಿ ಯಾರೋ ಬಳಸಿ ಮಾರಿದ್ದ ಆಸಾಹಿ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಕ್ಯಾಮೆರಾವನ್ನು ಅವರು ಕೊಂಡರು. ಅದರೊಡನೆ ಬಂದದ್ದು ಐವತ್ತು ಮಿಲಿಮೀಟರಿನ, ೧.೪ ದ್ಯುತಿರಂಧ್ರದ ಸೂಪರ್ ಟಕುಮಾರ್ ಲೆನ್ಸು. ಜಪಾನಿನ ಆ ಕಂಪನಿಯ ಸ್ಥಾಪಕರು ಚಿತ್ರಕಾರನೂ ಛಾಯಾಗ್ರಾಹಕನೂ ಆಗಿದ್ದ ತಮ್ಮ ಸೋದರ ಟಕುಮಾನ ಹೆಸರನ್ನೇ ಲೆನ್ಸಿಗೆ ಇಟ್ಟಿದ್ದರೆಂದು ಅವರಿಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ತಿಳಿದಾಗ ಅದು ಅವರನ್ನು ತಟ್ಟಿತು. ಏಕೆಂದರೆ ಅವರ ಪಾಲಿಗೂ ಆ ಲೆನ್ಸಿನ ನೆನಪೆಂದರೆ ತಮ್ಮನ ನೆನಪೇ ಆಗಿತ್ತು.

೧೯೭೮ರ ಸಂಕ್ರಾಂತಿಗೆ ರಜೆಯ ಮೇಲೆ ಊರಿಗೆ ಹೋದಾಗ ಕೆರೆಯ ಏರಿಯ ಕೆಳಗಿದ್ದ ಒಂದು ವೀರಗಲ್ಲನ್ನು ಅವರು ಚಿತ್ರೀಕರಿಸಿದರು. ಕೆಳಗಿನ ಹಲಗೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುತ್ತಿರುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಹಲಗೆಗಳ ನಡುವಣ ಪಟ್ಟಿಗಳಲ್ಲಿ ಹೊಯ್ಸಳರ ಕಾಲದ ಲಿಪಿ. ನಾಡಿನಲ್ಲಿ ನೂರಾರು ಕಡೆ ಕಾಣುವಂಥ ಕಲ್ಲೇ. ಆದರೆ ಎರಡನೆಯ ಪಟ್ಟಿಯಲ್ಲಿದ್ದ ವೀರನ ಹೆಸರಿನ ನಡುವಣ ಅಕ್ಷರ ಚಕಾರವೋ ವಕಾರವೋ ನಿರ್ಧಾರವಾಗದಷ್ಟು ಸವೆದಿತ್ತು. ಸವೆದ ಅಕ್ಷರಕ್ಕೆ ನೇರವಾದ ಬೆಳಕು ಶತ್ರು. ಓರೆಯಾಗಿ ಬೀಳುವ ಬೆಳಕು ಮಾತ್ರ ಅಕ್ಷರದ ಅಂಚಿಗೆ ನೆರಳು ಕೊಡುತ್ತದೆ. ಕಲ್ಲು ಉತ್ತರಕ್ಕೆ ಮುಖಮಾಡಿದ್ದರಿಂದ ಬಿಸಿಲು ತಾನಾಗಿ ಬೀಳುವಂತಿರಲಿಲ್ಲ. ಆಗ ಹದಿನೇಳು ವರ್ಷದ ತಮ್ಮ ಮನೆಯ ಗೋಡೆಗನ್ನಡಿಯನ್ನು ಕಳಚಿ ತಂದು, ಬಿಸಿಲಿನಲ್ಲಿ ನಿಂತು, ಬೆಳಕನ್ನು ಕಲ್ಲಿನ ಮೇಲೆ ಪಕ್ಕದಿಂದ ಹಾಯಿಸಿದ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ಕ್ಯಾಮೆರಾದಲ್ಲಿತ್ತು. ಮುದ್ರಿತ ಚಿತ್ರದಲ್ಲಿ ಆ ಅಕ್ಷರ ಚಕಾರವಾಗಿಯೇ ಕಂಡಿತು. ಅದನ್ನು ಎಲ್ಲಿಯೂ ಪ್ರಕಟಿಸಲು ಅವರಿಗೆ ಆಗಲಿಲ್ಲ; ಸೇವೆ, ಸಂಸಾರ, ವರ್ಗಾವಣೆಗಳಲ್ಲಿ ವರ್ಷಗಳು ಹೋದವು. ೨೦೧೧ರಲ್ಲಿ ತಮ್ಮನೂ ತೀರಿಕೊಂಡ. ಆ ಮೇಲೆ ಕ್ಯಾಮೆರಾವನ್ನು ಅದರ ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ನೆಗೆಟಿವ್‌ಗಳ ಲಕೋಟೆಗಳೊಂದಿಗೆ ತಗಡಿನ ಟ್ರಂಕಿನಲ್ಲಿ ಹಾಕಿ ಮುಚ್ಚಿದವರು ಮತ್ತೆ ತೆರೆಯಲಿಲ್ಲ.

ಟ್ರಂಕನ್ನು ತೆರೆಸಿದ್ದು ಒಂದು ದುರಂತ. ೨೦೨೪ರ ಜುಲೈ ೨೭ರ ಶನಿವಾರ ಸಂಜೆ ಸುರಿದ ಮಳೆಗೆ ಓಲ್ಡ್ ರಾಜಿಂದರ್ ನಗರದ ತರಬೇತಿ ಕೇಂದ್ರವೊಂದರ ನೆಲಮಾಳಿಗೆಯ ಗ್ರಂಥಾಲಯಕ್ಕೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ತಮ್ಮನ ಮಗ ಅದೇ ಬಡಾವಣೆಯಲ್ಲಿ, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡು, ಇನ್ನೊಂದು ನೆಲಮಾಳಿಗೆಯ ವಾಚನಾಲಯದಲ್ಲಿ ಓದುತ್ತಿದ್ದ. ಅಂದು ಸಂಜೆ ಅವನ ಫೋನು ಎರಡು ಗಂಟೆಗಳ ಕಾಲ ಸಿಗದೆ ಹೋದಾಗ ಆ ಮನೆಯಲ್ಲಿ ನಡೆದುದನ್ನು ವಿವರಿಸಬೇಕಾಗಿಲ್ಲ. ಮರುದಿನವೇ ಹಿರಿಯರು ಹೋಗಿ ಅವನ ಹಾಸಿಗೆ ಪುಸ್ತಕಗಳನ್ನು ಹೊರಿಸಿಕೊಂಡು ಬಂದರು. ಅಷ್ಟು ಹತ್ತಿರವಿದ್ದೂ, ಸಂಕೋಚದಿಂದ ಬಾಡಿಗೆಯ ಕೋಣೆಯಲ್ಲಿದ್ದ ಹುಡುಗ ದೊಡ್ಡಪ್ಪನ ಮನೆಗೆ ಬಂದದ್ದು ಹಾಗೆ. ಅವನಿಗೆ ಮೇಜಿಡಲು ಜಾಗ ಬೇಕೆಂದು ಟ್ರಂಕನ್ನು ಸರಿಸಿದಾಗ, ಅದರ ತಳ ತುಕ್ಕು ಹಿಡಿದು ಒದ್ದೆಯಾಗಿತ್ತು.

ಚೀಲದಿಂದ ಹೊರಬಂದ ಲೆನ್ಸನ್ನು ಬೆಳಕಿಗೆ ಹಿಡಿದರೆ ಒಳಗೆ ಜೇಡರ ಬಲೆಯಂಥ ಬಿಳಿಯ ಎಳೆಗಳು ಹಬ್ಬಿದ್ದವು. ಗಾಜು ಕಷಾಯದ ಬಣ್ಣಕ್ಕೆ ತಿರುಗಿತ್ತು. ದೂರವನ್ನು ಹೊಂದಿಸುವ ಬಳೆ ಅರ್ಧಕ್ಕೆ ಬಂದು ಬಿಗಿದು ನಿಂತಿತು.

“ದೊಡ್ಡಪ್ಪ, ಇದಕ್ಕೆ ದುಡ್ಡು ಹಾಕೋದಕ್ಕಿಂತ ಇಂಥದೇ ಇನ್ನೊಂದು ತಗೊಳ್ಳೋದು ವಾಸಿ ಅಲ್ವಾ? ಇದೇನು ಒಂದೇ ಒಂದು ಮಾಡಿದ್ದಲ್ಲವಲ್ಲ” ಎಂದ ಹುಡುಗ. ಮಾತಿನಲ್ಲಿ ತಪ್ಪಿರಲಿಲ್ಲ. ಆ ಮಾದರಿಯ ಲೆನ್ಸುಗಳು ಬಹಳ ದೊಡ್ಡ ಸಂಖ್ಯೆಯಲ್ಲಿ ತಯಾರಾಗಿ ಲೋಕವೆಲ್ಲ ಹರಡಿದ್ದವು. ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಇಂದಿಗೂ ಸಿಗುತ್ತವೆ. ಹಿರಿಯರು ಉತ್ತರ ಹೇಳದೆ, ಲೆನ್ಸನ್ನು ಪಂಚೆಯ ಅಂಚಿನಲ್ಲಿ ಒರೆಸಿ ಮೇಜಿನ ಮೇಲಿಟ್ಟರು. ಎಳೆಗಳಿದ್ದದ್ದು ಒಳಗೆ, ಹೊರಗೆ ಒರೆಸಿ ಪ್ರಯೋಜನವಿರಲಿಲ್ಲ.

ಸೆಪ್ಟೆಂಬರಿನ ಒಂದು ದಿನ ಇಬ್ಬರೂ ಮೆಟ್ರೋ ಹಿಡಿದು ಚಾಂದನಿ ಚೌಕಕ್ಕೆ ಹೋದರು. ಅಲ್ಲಿಯ ಕೂಚಾ ಚೌಧರಿ ಕ್ಯಾಮೆರಾ ವ್ಯಾಪಾರಕ್ಕೆ ಹೆಸರಾದ ಗಲ್ಲಿ. ದೊಡ್ಡ ಅಂಗಡಿಗಳನ್ನು ದಾಟಿ, ಕಿರಿದಾದ ಮೆಟ್ಟಿಲು ಹತ್ತಿ, ಹಳೆಯ ಯಂತ್ರಗಳನ್ನು ಬಿಚ್ಚಿ ಜೋಡಿಸುವ ದುರಸ್ತಿಗಾರರೊಬ್ಬರ ಮುಂದೆ ಅವರು ಲೆನ್ಸನ್ನು ಇಟ್ಟರು. ಆತ ಅದನ್ನು ಪುಟ್ಟ ಬ್ಯಾಟರಿಯ ಬೆಳಕಿನಲ್ಲಿ ಹಿಂದುಮುಂದಾಗಿ ತಿರುಗಿಸಿ ನೋಡಿ, ವೈದ್ಯನಂತೆ ರೋಗಗಳನ್ನು ಒಂದೊಂದಾಗಿ ಬೇರ್ಪಡಿಸಿ ಹೇಳಿದರು.

ಮೊದಲನೆಯದು ಹಳದಿ. ಅದು ಕೊಳೆಯಲ್ಲ, ಗಾಜಿನದೇ ಗುಣ. ಬೆಳಕನ್ನು ಹೆಚ್ಚು ಬಾಗಿಸಿಯೂ ಬಣ್ಣಗಳನ್ನು ಚೆದರಿಸದ ಗಾಜು ಬೇಕೆಂದು ಆ ಕಾಲದ ತಯಾರಕರು ಕೆಲವು ಮಸೂರಗಳಿಗೆ ಥೋರಿಯಂ ಬೆರೆಸುತ್ತಿದ್ದರು. ಕೇರಳದ ಕರಾವಳಿಯ ಮರಳಿನಲ್ಲಿ ದೊರೆಯುವ ಅದೇ ಥೋರಿಯಂ. ಅದರ ಕ್ಷೀಣ ವಿಕಿರಣ ದಶಕಗಳ ಕಾಲ ಗಾಜಿನ ಒಳಗೇ ಕೆಲಸ ಮಾಡಿ ಅದಕ್ಕೆ ಹಳದಿ ಹಿಡಿಸುತ್ತದೆ. ಧಾತುವಿನ ಅರ್ಧಾಯುಸ್ಸು ಸುಮಾರು ೧,೪೦೦ ಕೋಟಿ ವರ್ಷ. ಆದ್ದರಿಂದ ಅದು ತಾನಾಗಿ ನಿಲ್ಲುವ ಮಾತಿಲ್ಲ. ಮದ್ದು ಮಾತ್ರ ಸುಲಭ: ಕೆಲವು ವಾರ ಬಿಸಿಲಿಗೆ ಇಟ್ಟರೆ ಅತಿನೇರಳೆ ಕಿರಣಗಳಿಂದ ಬಣ್ಣ ತಿಳಿಯಾಗುತ್ತದೆ.

ಎರಡನೆಯದು ಬೂಷ್ಟು. ಇದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇರುವಂಥವು. ತೇವ, ಕತ್ತಲೆ, ನಿಂತ ಗಾಳಿ ಮೂರೂ ಕೂಡಿದರೆ ಮೊಳೆಯುತ್ತವೆ. ತೇವವನ್ನು ಹೀರಿ ಹಿಡಿಯುವ ಚರ್ಮದ ಚೀಲ ಅದಕ್ಕೆ ತವರುಮನೆ. ಎಳೆಗಳನ್ನು ಒರೆಸಿ ತೆಗೆಯಬಹುದು. ಆದರೆ ಅದು ಸ್ರವಿಸುವ ಆಮ್ಲ ಗಾಜಿನ ಮೇಲಣ ಲೇಪವನ್ನೂ ಗಾಜನ್ನೂ ತಿಂದಿದ್ದರೆ ಆ ಗುರುತು ಉಳಿಯುತ್ತದೆ. ಒಳಗಿನ ಒಂದು ಮಸೂರದಲ್ಲಿ ಅದು ಆಗಲೇ ಆಗಿತ್ತು. ಮತ್ತೆ ಲೇಪ ಕೊಡುವ ಸಾಧನ ಅಂಥ ಅಂಗಡಿಗಳಲ್ಲಿರುವುದಿಲ್ಲ.

ಮೂರನೆಯದು ಬಿರುಕಿನ ಮೊದಲು. ಅಂಟಿಸಿ ಒಂದಾಗಿಸಿದ ಎರಡು ಮಸೂರಗಳ ಅಂಚಿನಲ್ಲಿ ಅಂಟು ಬಿಡಲು ತೊಡಗಿ, ಉಗುರಿನ ಚಂದ್ರದಷ್ಟು ಕಾಮನಬಿಲ್ಲು ಮೂಡಿತ್ತು. ಅದಕ್ಕೆ ಕೈಹಚ್ಚದಿರುವುದೇ ಲೇಸು; ದ್ಯುತಿರಂಧ್ರವನ್ನು ಕಿರಿದು ಮಾಡಿಕೊಂಡರೆ ಅಂಚಿನ ದೋಷ ಚಿತ್ರಕ್ಕೆ ಬರುವುದಿಲ್ಲ.

ಅಷ್ಟು ಹೇಳಿ ಆತ ಮೂರು ದಾರಿ ತೋರಿಸಿದರು. ಬಿಚ್ಚಿ, ಒರೆಸಿ, ಬಳೆಗೆ ಹೊಸ ಗ್ರೀಸು ಹಾಕಿ ಕೊಡುವುದು. ಅದಕ್ಕೆ ಮೂರು ಸಾವಿರ ರೂಪಾಯಿ. ಕೆಟ್ಟ ಇನ್ನೊಂದು ಲೆನ್ಸಿನಿಂದ ಒಳ್ಳೆಯ ಮಸೂರಗಳನ್ನು ತೆಗೆದು ಇದರಲ್ಲಿ ಕೂರಿಸುವುದು. ಅದಕ್ಕೆ ಆರು ಸಾವಿರ, ಆದರೆ ಒಂದರ ಗಾಜು ಇನ್ನೊಂದರ ಮನೆಯಲ್ಲಿ ಕೂದಲೆಳೆಯಷ್ಟು ಆಚೀಚೆಯಾದರೂ ಚಿತ್ರದ ಮೊನಚು ಹೋದೀತು. ಮೂರನೆಯದು ಗಾಜಿನ ಕಪಾಟಿನಲ್ಲಿಯೇ ಇತ್ತು: ಅದೇ ಹೆಸರಿನ, ಅದೇ ಮಾದರಿಯ, ಕಲೆಯಿಲ್ಲದ ಲೆನ್ಸು, ಬೆಲೆ ಹನ್ನೆರಡು ಸಾವಿರ. “ನಿಮಗೆ ಬೇಕಾದದ್ದು ಫೋಟೋನೋ ಈ ಲೆನ್ಸೋ, ಅದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ ಸಾಹೇಬರೆ” ಎಂದು ಆತ ಹಿಂದಿಯಲ್ಲಿ ಹೇಳಿದ ಮಾತು ಹಿರಿಯರ ಮನಸ್ಸಿನಲ್ಲಿ ನಿಂತುಬಿಟ್ಟಿತು. ಅಂದು ಏನನ್ನೂ ನಿರ್ಧರಿಸದೆ ಮರಳಿದರು.

ಗ್ರಂಥಸಂಪಾದನೆಯನ್ನು ಓದಿದವರಿಗೆ ಇದು ಹೊಸ ಪ್ರಶ್ನೆಯೇನಲ್ಲ. ಓಲೆಯ ಪ್ರತಿಯಲ್ಲಿ ಕೆಟ್ಟುಹೋದ ಪಾಠ ಎದುರಾದಾಗ ಇದ್ದುದನ್ನೇ ಉಳಿಸಿಕೊಂಡು ಅರ್ಥ ಹೊಂದಿಸಬೇಕೆ, ಬೇರೆ ಪ್ರತಿಯ ಪಾಠವನ್ನು ತಂದು ಕೂರಿಸಬೇಕೆ, ಊಹಿಸಿ ತಿದ್ದಬೇಕೆ ಎಂದು ಸಂಪಾದಕ ತೂಗಲೇಬೇಕು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಹಿರಿಯರು ವಿದ್ಯಾರ್ಥಿದೆಸೆಯಲ್ಲಿ ಶ್ರದ್ಧೆಯಿಂದ ಓದಿದ್ದರು. ಆದರೆ ಪಾಠದ ವಿಷಯದಲ್ಲಿ ತೂಗುವುದು ಸುಲಭ. ಅಲ್ಲಿ ಗುರಿ ಒಂದೇ, ಕವಿ ಬರೆದುದನ್ನು ತಲುಪುವುದು. ಲೆನ್ಸಿನ ವಿಷಯದಲ್ಲಿ ತಲುಪಬೇಕಾದದ್ದು ಏನು? ಅದರೊಳಗೆ ತಮ್ಮನ ಮುಖವಿಲ್ಲ, ಕನ್ನಡಿಯ ಬೆಳಕೂ ಇಲ್ಲ. ತನ್ನ ಮೂಲಕ ಹಾದುಹೋದುದರಲ್ಲಿ ಒಂದು ಕಣವನ್ನೂ ಗಾಜು ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡಿದ್ದರೆ ಮುಂದಿನ ಚಿತ್ರ ಬರುತ್ತಲೇ ಇರಲಿಲ್ಲ. ಹೀಗೆಲ್ಲ ತರ್ಕ ಮಾಡಿದರೂ, ಹನ್ನೆರಡು ಸಾವಿರ ರೂಪಾಯಿಗಳನ್ನು ಪಿಂಚಣಿಯಿಂದ ತೆಗೆದಿರಿಸಿಕೊಂಡೂ, ಅಂಗಡಿಗೆ ಹೋಗಲು ಮಾತ್ರ ಅವರ ಕಾಲು ಏಳಲಿಲ್ಲ.

“ಆ ಗಾಜಿನ ಕಣ್ಣಿಗೆ ಮೂರು ತಿಂಗಳಿಂದ ಯೋಚನೆ ಮಾಡ್ತಿದ್ದೀರಿ; ನಿಮ್ಮ ಕಣ್ಣು ಯಾವಾಗ ತೋರಿಸ್ತೀರಿ?” ಎಂದು ಕೇಳಿದವರು ಅವರ ಪತ್ನಿ. ಎರಡು ಕಣ್ಣಿಗೂ ಪೊರೆ ಬಂದಿದೆಯೆಂದು ವೈದ್ಯರು ಹೇಳಿ ವರ್ಷವಾಗಿತ್ತು. ಹಿರಿಯರು ಅದನ್ನು ಮುಂದೂಡುತ್ತಲೇ ಬಂದಿದ್ದರು. ಅವರ ಭಯಕ್ಕೆ ಬೇರು ಬಾಲ್ಯದಲ್ಲಿತ್ತು. ಅವರ ಅಜ್ಜಿಗೆ ಡಾ. ಎಂ.ಸಿ. ಮೋದಿಯವರ ನೇತ್ರಶಿಬಿರದಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಊರೂರಿಗೆ ಹೋಗಿ ಲಕ್ಷಾಂತರ ಬಡವರಿಗೆ ದೃಷ್ಟಿ ಮರಳಿಸಿದ ಆ ಪುಣ್ಯಾತ್ಮರನ್ನು ಅಜ್ಜಿ ದಿನವೂ ನೆನೆಯುತ್ತಿದ್ದಳು. ಆದರೆ ಆ ಕಾಲದ ಶಿಬಿರಗಳಲ್ಲಿ ಮಬ್ಬಾದ ಮಸೂರವನ್ನು ತೆಗೆಯುವುದಷ್ಟೇ ಸಾಧ್ಯವಿತ್ತು, ಬದಲಿಗೆ ಇನ್ನೊಂದನ್ನು ಇಡುತ್ತಿರಲಿಲ್ಲ. ಸೀಸೆಯ ತಳದಂಥ ದಪ್ಪ ಕನ್ನಡಕದ ಹಿಂದೆ ಊದಿಕೊಂಡಂತೆ ಕಾಣುತ್ತಿದ್ದ ಅಜ್ಜಿಯ ಕಣ್ಣುಗಳು ಮೊಮ್ಮಗನ ಮನಸ್ಸಿನಲ್ಲಿ ಹಾಗೆಯೇ ಉಳಿದುಬಿಟ್ಟಿದ್ದವು.

“ಒರೆಸಿ ಸರಿಮಾಡೋಕೆ ಆಗಲ್ವಾ?” ಎಂದು ಅವರು ಕಣ್ಣಿನ ವೈದ್ಯರನ್ನು ಕೇಳಿದರಂತೆ. ಆಗುವುದಿಲ್ಲ, ಮಬ್ಬಾದ ಮಸೂರವನ್ನು ತಿಳಿಯಾಗಿಸುವ ಔಷಧಿಯಿಲ್ಲ, ಬದಲಿಸುವುದೊಂದೇ ದಾರಿ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಚಾಲಕರ ಕಣ್ಣಿನಲ್ಲಿ ಸಿಕ್ಕಿಕೊಂಡರೂ ಕಣ್ಣು ಕೆರಳದಿರುವುದನ್ನು ಗಮನಿಸಿ, ಲಂಡನ್ನಿನ ಹೆರಾಲ್ಡ್ ರಿಡ್ಲಿ ೧೯೪೯ರಲ್ಲಿ ಮೊದಲ ಕೃತಕ ಮಸೂರವನ್ನು ಕಣ್ಣಿನೊಳಗೆ ಇರಿಸಿದರು. ಅದು ಹಿರಿಯರು ಹುಟ್ಟಿದ ವರ್ಷ. ನವೆಂಬರಿನಲ್ಲಿ ಅವರ ಎಡಗಣ್ಣಿಗೆ ಚಿಕಿತ್ಸೆಯಾಯಿತು. ಬಲಗಣ್ಣಿನ ಸರದಿ ಒಂದು ತಿಂಗಳ ಮೇಲೆ.

ಆ ಒಂದು ತಿಂಗಳಲ್ಲಿ ಅವರಿಗೆ ಎರಡು ಲೋಕಗಳಿದ್ದವು. ಮಾಳಿಗೆಯ ಮೇಲೆ ಒಣಗಿದ ಪಂಚೆ ಎಡಗಣ್ಣಿಗೆ ಬೆಳ್ಳಗೆ, ಬಲಗಣ್ಣಿಗೆ ತಿಳಿ ಚಹದ ಬಣ್ಣಕ್ಕೆ ಕಾಣುತ್ತಿತ್ತು. ವಯಸ್ಸಿನೊಂದಿಗೆ ಕಣ್ಣಿನ ಮಸೂರವೂ ಹಳದಿಯಾಗುತ್ತ ನೀಲಿಯನ್ನು ತಡೆಯುತ್ತದೆ. ನಿಧಾನವಾಗಿ ಆಗುವುದರಿಂದ ಆದದ್ದೇ ತಿಳಿಯುವುದಿಲ್ಲ. ಮಸೂರವೆಂಬ ಹೆಸರೇ ಚೆನ್ನಂಗಿ ಬೇಳೆಯ ಆಕಾರದಿಂದ ಬಂದದ್ದು. ಕಣ್ಣಿನೊಳಗಿನದೂ ಕ್ಯಾಮೆರಾದ್ದೂ ಒಂದೇ ಹೆಸರು, ಒಂದೇ ರೋಗ. ಇಷ್ಟು ವರ್ಷ ತಾವು ತೆಗೆದ ಚಿತ್ರಗಳನ್ನೆಲ್ಲ ಎಂಥ ಕಣ್ಣಿನಿಂದ ನೋಡಿ ಚೆನ್ನಾಗಿವೆ ಎಂದುಕೊಳ್ಳುತ್ತಿದ್ದೆನೋ ಎಂಬ ಅನುಮಾನ ಅವರಿಗೆ ಹುಟ್ಟಿತು. ಆ ಅನುಮಾನದಿಂದಲೇ ಅವರು ನೆಗೆಟಿವ್‌ಗಳ ಲಕೋಟೆಯನ್ನು ತೆಗೆದರು.

ಆಗಸ್ಟಿನಲ್ಲಿ ಟ್ರಂಕು ತೆರೆದ ದಿನವೇ ಅವರು ಅವನ್ನು ಕಿಟಕಿಗೆ ಹಿಡಿದು ನೋಡಿ, ಏನೂ ಆಗಿಲ್ಲವೆಂದು ಸಮಾಧಾನಪಟ್ಟು ಪಕ್ಕಕ್ಕಿಟ್ಟಿದ್ದರು. ಅಂದು ಎಲ್ಲವೂ ಮಬ್ಬಾಗಿಯೇ ಕಾಣುತ್ತಿದ್ದ ಕಣ್ಣಿಗೆ ಮಬ್ಬು ಬೇರೆಯಾಗಿ ಕಂಡಿರಲಿಲ್ಲ. ಈಗ ಎಡಗಣ್ಣಿನಿಂದ ನೋಡಿದರೆ, ಪಟ್ಟಿಯ ಮೇಲೆಲ್ಲ ಒಣಗಿದ ಮರದ ಕೊಂಬೆಗಳಂಥ ಗೀರುಗಳು. ಫಿಲ್ಮಿನ ಮೇಲಣ ಜೆಲಾಟಿನ್ ಬೂಷ್ಟಿಗೆ ಒಳ್ಳೆಯ ಆಹಾರ. ಹಲವು ಚಿತ್ರಗಳು ಪೂರ್ತಿ ಹೋಗಿದ್ದವು. ಮನೆಯ ಜಗಲಿಯ ಮೇಲೆ ತಾಯಿ ಕುಳಿತ ಚಿತ್ರದಲ್ಲಿ ಮುಖವೇ ಇರಲಿಲ್ಲ. ವೀರಗಲ್ಲಿನ ಚಿತ್ರದಲ್ಲಿ ಬೂಷ್ಟು ಮೇಲಿನ ಮೂಲೆಯ ಆಕಾಶವನ್ನು ತಿಂದು, ಲಿಂಗದ ಹಲಗೆಯವರೆಗೆ ಇಳಿದು, ಅಕ್ಷರದ ಪಟ್ಟಿಗೆ ಒಂದು ಬೆರಳಗಲ ಮೇಲೆ ನಿಂತಿತ್ತು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಲೋಕದಲ್ಲಿ ಬೇಕಾದಷ್ಟು ಜೊತೆಗಾರರಿದ್ದ ಗಾಜಿಗಾಗಿ ಮೂರು ತಿಂಗಳು ಚಿಂತಿಸಿದ್ದರು. ಲೋಕದಲ್ಲಿ ಒಂದೇ ಒಂದು ಇದ್ದುದು ಅದೇ ಮೇಜಿನ ಅಡಿಯಲ್ಲಿ, ಅದೇ ಒದ್ದೆಯ ಲಕೋಟೆಯಲ್ಲಿ ಕರಗುತ್ತಿತ್ತು. ದುರಸ್ತಿಯೋ ಬದಲಿಯೋ ಎಂಬ ಪ್ರಶ್ನೆಯನ್ನು ಅವರು ಕೇಳಿಕೊಂಡದ್ದು ಸರಿಯೇ; ಆದರೆ ಕೇಳಬಾರದ ವಸ್ತುವನ್ನು ಕುರಿತು ಕೇಳಿಕೊಂಡಿದ್ದರು. ಬದಲಿ ಸಿಗುವ ವಸ್ತುವಿನ ವಿಷಯದಲ್ಲಿ ತಪ್ಪು ನಿರ್ಧಾರವೂ ಅಷ್ಟು ದೊಡ್ಡ ನಷ್ಟವಲ್ಲ. ಬದಲಿ ಸಿಗದುದರ ವಿಷಯದಲ್ಲಿ ನಿರ್ಧಾರಕ್ಕೆ ಎಡೆಯೇ ಇಲ್ಲ. ಅಲ್ಲಿ ಇರುವುದು ಕಾಪು ಮಾತ್ರ.

ಆ ಮೇಲೆ ಎಲ್ಲವೂ ಬೇಗ ತೀರ್ಮಾನವಾಯಿತು. ಜೆಲಾಟಿನ್ನನ್ನು ಬೂಷ್ಟು ಸಡಿಲಿಸಿರುವುದರಿಂದ ನೀರು ತಾಕಿದರೆ ಚಿತ್ರವೇ ಕರಗಿಹೋಗುವ ಅಪಾಯವಿತ್ತು; ಆದ್ದರಿಂದ ತೊಳೆಯದೆ, ಒಣಗಿಸಿ, ಇದ್ದ ಸ್ಥಿತಿಯಲ್ಲೇ ಪ್ರತಿ ತೆಗೆಯುವುದು ಮೊದಲ ಕೆಲಸ. ಹುಡುಗನ ಗೆಳೆಯನಲ್ಲಿ ಹೊಸ ಡಿಜಿಟಲ್ ಕ್ಯಾಮೆರಾ ಇತ್ತು. ಹಳೆಯ ನಲವತ್ತೆರಡು ಮಿಲಿಮೀಟರ್ ತಿರುಪಿನ ಲೆನ್ಸನ್ನು ಅದಕ್ಕೆ ಕೂಡಿಸುವ ಬಳೆಯೂ, ತೀರ ಹತ್ತಿರದಿಂದ ಚಿತ್ರ ತೆಗೆಯಲು ನಡುವೆ ಸೇರಿಸುವ ನಳಿಕೆಗಳೂ ಕೆಲವು ನೂರು ರೂಪಾಯಿಗೆ ಸಿಕ್ಕುತ್ತವೆಂದು ಅವನೇ ಕಂಡುಹಿಡಿದ. ಅಲ್ಲಿಗೆ ಆ ಲೆನ್ಸಿಗೆ ಒಂದು ಕೆಲಸ ಹುಟ್ಟಿತು. ‘ಫೋಟೋನೋ ಲೆನ್ಸೋ’ ಎಂಬ ದುರಸ್ತಿಗಾರರ ಪ್ರಶ್ನೆಗೆ ಉತ್ತರವೂ ಸಿಕ್ಕಿತು. ಮೂರು ಸಾವಿರಕ್ಕೆ ಲೆನ್ಸನ್ನು ಬಿಚ್ಚಿ ಒರೆಸಿಕೊಡಲು ಒಪ್ಪಿಸಿದರು; ಉಳಿದ ಒಂಬತ್ತು ಸಾವಿರ ಬಳೆ, ನಳಿಕೆ, ಬೆಳಕಿನ ಹಲಗೆ, ನೆಗೆಟಿವ್ ಇಡುವ ಹೊಸ ಹಾಳೆಗಳು ಮತ್ತು ಗಾಳಿ ತೇವ ಹೋಗದ ಒಂದು ಡಬ್ಬಿಗೆ.

ಒರೆಸಿ ಬಂದ ಲೆನ್ಸಿನಲ್ಲಿ ಎಳೆಗಳು ಹೋಗಿದ್ದವು. ಒಳಗಿನ ಮಸೂರದ ಮೇಲೆ ಕೆತ್ತಿದಂತೆ ಉಳಿದ ಸಣ್ಣ ಗುರುತು ಹೋಗಿರಲಿಲ್ಲ. ಅಂಚಿನ ಕಾಮನಬಿಲ್ಲೂ ಇತ್ತು. ಡಿಸೆಂಬರಿನ ಮಂಜು ಕರಗಿದ ಮೇಲೆ ದಿನವೂ ಅವರು ಲೆನ್ಸನ್ನು ಮಾಳಿಗೆಯಲ್ಲಿ ಬಿಸಿಲಿಗೆ ಇಡುತ್ತಿದ್ದರು. ಸೂರ್ಯನ ಬಿಂಬ ಒಂದೆಡೆ ಕೂಡಿ ಬೆಂಕಿ ಹೊತ್ತದಂತೆ ಅಡಿಯಲ್ಲಿ ಕನ್ನಡಿಯ ತುಂಡನ್ನು ಇಟ್ಟು, ಪಕ್ಕದಲ್ಲಿ ಮೊರದ ತುಂಬ ಸಂಡಿಗೆ ಒಣಹಾಕಿದ ಪತ್ನಿಗೆ ಕಾವಲನ್ನು ಒಪ್ಪಿಸಿ. ಬಲಗಣ್ಣಿನ ಚಿಕಿತ್ಸೆ ಆಗುವ ಹೊತ್ತಿಗೆ ಗಾಜಿನ ಕಷಾಯದ ಬಣ್ಣ ಮುಕ್ಕಾಲು ಪಾಲು ಇಳಿದಿತ್ತು.

ಒಟ್ಟು ಇನ್ನೂರ ಹದಿನಾಲ್ಕು ನೆಗೆಟಿವ್‌ಗಳಲ್ಲಿ ನೂರ ನಲವತ್ತಕ್ಕೆ ಮಾತ್ರ ಪ್ರತಿ ಸಿಕ್ಕಿತು. ವೀರಗಲ್ಲಿನ ಚಿತ್ರವನ್ನು ಮೊದಲು ತೆಗೆದರು. ದ್ಯುತಿರಂಧ್ರವನ್ನು ಎಂಟಕ್ಕೆ ಕಿರಿದುಗೊಳಿಸಿದಾಗ ಲೆನ್ಸಿನ ದೋಷಗಳೆಲ್ಲ ಹಿಂದೆ ಸರಿದು, ಪರದೆಯ ಮೇಲೆ ಪಟ್ಟಿ ಸ್ಪಷ್ಟವಾಗಿ ಮೂಡಿತು. ಲಿಪಿಕಾರನೊಬ್ಬ ತಾನು ಹಿಂದೆ ಬರೆದ ಓಲೆಯನ್ನು ಮುದಿತನದಲ್ಲಿ ತಾನೇ ಪ್ರತಿಮಾಡಿದಂತೆ, ನಲವತ್ತಾರು ವರ್ಷಗಳ ಹಿಂದೆ ಆ ಚಿತ್ರವನ್ನು ಬಿಡಿಸಿದ ಗಾಜೇ ಅದನ್ನು ಮತ್ತೆ ಓದಿಕೊಟ್ಟಿತ್ತು. ಅಕ್ಷರ ಚಕಾರವೇ. ಪರದೆಯ ಎಡ ಅಂಚಿನಲ್ಲಿ, ಮುದ್ರಿತ ಚಿತ್ರದಲ್ಲ‍ಿ ಕತ್ತರಿಸಿಹೋಗಿದ್ದ ಭಾಗದಲ್ಲಿ, ಕನ್ನಡಿಯ ಚೌಕಟ್ಟಿನ ಮೂಲೆಯೂ ಅದನ್ನು ಹಿಡಿದ ನಾಲ್ಕು ಬೆರಳುಗಳೂ ಇದ್ದವು. ಹುಡುಗ ಪರದೆಯನ್ನು ದೊಡ್ಡದು ಮಾಡಿ ನೋಡುತ್ತಲೇ ಇದ್ದ.

೨೦೨೫ರ ಸಂಕ್ರಾಂತಿಗೆ ಇಬ್ಬರೂ ಊರಿಗೆ ಹೋದರು. ಕಲ್ಲು ಅದೇ ಸ್ಥಳದಲ್ಲಿತ್ತು. ಊರವರು ಅದಕ್ಕೊಂದು ಗುಡಿ ಕಟ್ಟಿ, ಕಲ್ಲಿಗೆ ಅಡಿಯಿಂದ ಮುಡಿಯವರೆಗೆ ಹಳದಿ ಬಣ್ಣ ಬಳಿದಿದ್ದರು; ಅಕ್ಷರಗಳ ತಗ್ಗೆಲ್ಲ ಬಣ್ಣದಿಂದ ತುಂಬಿ ಪಟ್ಟಿ ನುಣುಪಾಗಿತ್ತು. ಅವರ ದೃಷ್ಟಿಯಲ್ಲಿ ಅದೂ ಜೀರ್ಣೋದ್ಧಾರವೇ, ಶಾಸನಗಳು ನವಸುಧಾಕರ್ಮವೆಂದು ಕರೆಯುವ ಸುಣ್ಣಬಣ್ಣದ ಸೇವೆಯೇ. ಅದನ್ನು ದೂರುವುದು ಹಿರಿಯರಿಗೆ ಸಾಧ್ಯವಾಗಲಿಲ್ಲ. ೧೯೩೬ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿಯ ಕಲ್ಲು ಉಳಿಯಿತು, ಆದರೆ ಊರನ್ನು ಬಿಟ್ಟು ಮೈಸೂರಿಗೆ ಹೋಯಿತು. ಊರಿನಲ್ಲಿರುವುದು ಅದರ ಪ್ರತಿಕೃತಿ. ಈ ಕಲ್ಲು ಊರಿನಲ್ಲಿಯೇ ಪೂಜೆಗೊಂಡು ಉಳಿಯಿತು, ಆದರೆ ಮಾತನ್ನು ಕಳೆದುಕೊಂಡಿತು. ಉಳಿಸಿಕೊಳ್ಳುವ ಯಾವ ಬಗೆಗೂ ಅದರದೇ ಬೆಲೆಯುಂಟು. ಪೂಜಾರಿಯ ಅನುಮತಿ ಪಡೆದು, ಹುಡುಗ ಕನ್ನಡಿ ಹಿಡಿದು ನಿಂತ. ಕಲ್ಲು ಇಂದು ಇರುವಂತೆಯೇ ಒಂದು ಚಿತ್ರವನ್ನು ಆ ಲೆನ್ಸಿನಿಂದ, ಇನ್ನೊಂದನ್ನು ಹುಡುಗನ ಫೋನಿನಿಂದ ತೆಗೆದರು. ಆ ಅಕ್ಷರಕ್ಕೆ ಈಗ ಸಾಕ್ಷಿಯಾಗಿ ಉಳಿದದ್ದು ಹಳೆಯ ನೆಗೆಟಿವ್ ಮತ್ತು ಅದರ ಪ್ರತಿ. ಆ ಪ್ರತಿಯನ್ನೂ ಪಾಠವನ್ನೂ ಊರಿನ ಶಾಲೆಗೆ ಒಂದು, ತಾವು ಓದಿದ ವಿಭಾಗಕ್ಕೆ ಒಂದು ಎಂದು ಅವರು ಕೊಟ್ಟುಬಂದರು.

ದೆಹಲಿಗೆ ಮರಳಿದ ಮೇಲೆ ಹಿರಿಯರು ಹೊಸ ಡಬ್ಬಿಯಲ್ಲಿ ಲೆನ್ಸನ್ನೂ ನೆಗೆಟಿವ್‌ಗಳನ್ನೂ ಬೇರೆಬೇರೆಯಾಗಿ ಇಟ್ಟು, ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನು ಹಾಕಿ, ಒಂದು ಹಾಳೆಯ ಮೇಲೆ ಬರೆದು ಸೇರಿಸಿದರು: ಏನೇನು ಸರಿಪಡಿಸಿದೆ, ಏನೇನನ್ನು ಸರಿಪಡಿಸದೆ ಬಿಟ್ಟಿದೆ, ಯಾವ ದಿನ, ಚರ್ಮದ ಚೀಲದಲ್ಲಿ ಇಡಕೂಡದು, ತಿಂಗಳಿಗೊಮ್ಮೆ ತೆರೆದು ನೋಡತಕ್ಕದ್ದು, ಮಳೆಗಾಲದಲ್ಲಿ ಪೊಟ್ಟಣ ಬದಲಿಸತಕ್ಕದ್ದು, ವರ್ಷಕ್ಕೊಮ್ಮೆ ಲೆನ್ಸಿಗೆ ಬಿಸಿಲು ತೋರಿಸತಕ್ಕದ್ದು, ಇದರ ಖರ್ಚಿಗೆ ಐನೂರು ರೂಪಾಯಿ ಈ ಲಕೋಟೆಯಲ್ಲಿದೆ. ಹಿಂದಿನವರು ಕಟ್ಟುವ ದಿನವೇ ಮಾಡುತ್ತಿದ್ದ ಕೆಲಸವನ್ನು ಅವರು ಐವತ್ತು ವರ್ಷ ತಡವಾಗಿ ಮಾಡಿದ್ದರು.

ಹುಡುಗ ಹಾಳೆಯನ್ನು ಓದಿ, ಐಚ್ಛಿಕ ವಿಷಯದ ವಿದ್ಯಾರ್ಥಿಗೆ ತಕ್ಕಂತೆ ಕೇಳಿದ: “ದಾನ ಆಯ್ತು, ಕಟ್ಟಳೆ ಆಯ್ತು. ಶಾಪಾಶಯ ಬರೀಲಿಲ್ವಲ್ಲ ದೊಡ್ಡಪ್ಪ?”

“ಅದು ಬೇಡ ಬಿಡಪ್ಪ” ಎಂದು ಹಿರಿಯರು ಡಬ್ಬಿಯನ್ನು ಅವನ ಕೈಗೆ ಕೊಟ್ಟರು. “ತಪ್ಪಿದವನೂ ನಾನೇ ಆಗಿದ್ದೆ.”